ಎರಡು ಎಡಗಾಲಿನ ಬೂಟು, ಮೂರು ಬಗೆಯ ರಿಟರ್ನ್

ಮೊದಲೇ ಹೇಳಿಬಿಡುತ್ತೇನೆ. ತೋಟದ ಒಳಗೆ ಮನೆ ಇರುವ ನಮ್ಮಂಥವರಿಗೆ, ಆನ್‌ಲೈನಲ್ಲಿ ತರಿಸಿದ್ದನ್ನು ವಾಪಸ್ ಕಳಿಸಲು ಸ್ಪೀಡ್ ಪೋಸ್ಟೇ ವಾಸಿ. ಬಾಗಿಲಿಗೇ ಬಂದು ಒಯ್ಯುತ್ತೇವೆ ಅನ್ನುವ ಪಿಕಪ್ ಬೆಂಗಳೂರಿನವರಿಗೆ ಇರಲಿ. ನನಗೆ ಇದನ್ನು ಕಲಿಸಿದ್ದು ಒಂದು ಜೊತೆ ಗಂಬೂಟು. ಜೊತೆ ಅನ್ನೋದೂ ತಪ್ಪೇ, ಮುಂದೆ ಹೇಳುತ್ತೇನೆ.

ನಾನು ಕೊಡಗಿನ ನಾಪೋಕ್ಲು ಪೇಟೆಯಿಂದ 6 ಕಿ.ಮೀ. ಒಳಗೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವನು. ಮಳೆಗಾಲದಲ್ಲಿ ಗಂಬೂಟು, ರೇನ್‌ಕೋಟ್ ಇಲ್ಲದೆ ತೋಟಕ್ಕೆ ಇಳಿಯುವ ಹಾಗಿಲ್ಲ. ಕೆಸರು ಒಂದು ಕಡೆ, ಜಿಗಣೆ ಇನ್ನೊಂದು ಕಡೆ. ಈ ಸಲ ಬೂಟನ್ನು ದೊಡ್ಡ ಆ್ಯಪ್ ಒಂದರಲ್ಲಿ ತರಿಸಿದೆ. ರೇನ್‌ಕೋಟನ್ನು ಅದನ್ನು ಹೊಲಿದು ಮಾರುವವರ ಸ್ವಂತ ವೆಬ್‌ಸೈಟಿನಿಂದ. ತಲೆಗೆ ಕಟ್ಟುವ ಟಾರ್ಚನ್ನು ಮಡಿಕೇರಿಯ ಅಂಗಡಿಯಲ್ಲಿ. ನನ್ನ ಗ್ರಹಚಾರಕ್ಕೆ ಮೂರನ್ನೂ ವಾಪಸ್ ಕೊಡಬೇಕಾಯ್ತು.

ಅಂಗಡಿಯದು ಬೇಗ ಮುಗಿಯುತ್ತದೆ. ಟಾರ್ಚ್ ಚಾರ್ಜ್ ಆಗುತ್ತಿರಲಿಲ್ಲ. ಶುಕ್ರವಾರದ ಸಂತೆಗೆ ಹೋದಾಗ ಬಿಲ್ ತೋರಿಸಿದೆ, ಬೇರೆ ಕೊಟ್ಟರು. ದುಡ್ಡು ಮಾತ್ರ ವಾಪಸ್ ಕೊಡುವುದಿಲ್ಲ. ಬಸ್ ಚಾರ್ಜು, ಅರ್ಧ ದಿನದ ರಜೆ ನಮ್ಮದೇ.

ಈಗ ಬೂಟು. ₹ 649. ಬಿಚ್ಚಿ ನೋಡಿದರೆ ಎರಡೂ ಎಡಗಾಲಿನವು. ಮಗಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ, ಏಳು ದಿನದೊಳಗೆ ರಿಟರ್ನ್ ಇದೆಯಲ್ಲ ಎಂಬ ಧೈರ್ಯದಲ್ಲಿ. ಅವತ್ತೇ ಆ್ಯಪಿನಲ್ಲಿ ರಿಟರ್ನ್ ಒತ್ತಿದೆ.

ಎರಡು ದಿನ ಬಿಟ್ಟು ಮೆಸೇಜ್ ಬಂತು: 'ಪಿಕಪ್‌ಗೆ ಬಂದಿದ್ದೆವು, ನೀವು ಮನೆಯಲ್ಲಿರಲಿಲ್ಲ.' ನಾನು ಅವತ್ತು ಬೆಳಿಗ್ಗೆಯಿಂದ ಮನೆಯ ಜಗಲಿಯಲ್ಲೇ ಕೂತು ಮಸ್ಟರ್ ರೋಲ್, ಅಂದರೆ ಆಳುಗಳ ಹಾಜರಿ ಪಟ್ಟಿ, ಬರೆಯುತ್ತಿದ್ದೆ. ನಾಯಿ ಕೂಡ ಬೊಗಳಿಲ್ಲ. ಮಾರನೇ ದಿನ ಮತ್ತೆ ಅದೇ ಮೆಸೇಜ್. ಆಮೇಲೆ ಗೊತ್ತಾಯ್ತು, ಅವರು ಪೇಟೆಯಿಂದಲೇ ಫೋನ್ ಮಾಡುತ್ತಾರೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಮೇಲೆ ಹಲಸಿನ ಮರದ ಹತ್ತಿರ ಹೋದರೆ ಎರಡು ಕಡ್ಡಿ ಸಿಗುತ್ತದೆ, ಅದೂ ಕರೆಂಟ್ ಇದ್ದರೆ. ಫೋನ್ ತಾಗದಿದ್ದರೆ 'ಮನೆಯಲ್ಲಿಲ್ಲ' ಎಂದು ಒತ್ತಿ ಮುಂದೆ ಹೋಗುವುದು. ಪಾರ್ಸೆಲ್ ಬರುವಾಗ ಈ ತೊಂದರೆ ಇಲ್ಲ ನೋಡಿ. ಪೇಟೆಯಲ್ಲಿ ಪರಿಚಯದ ಅಂಗಡಿಯಲ್ಲಿ ಬಿಟ್ಟು ಹೋಗುತ್ತಾರೆ. ವಾಪಸ್ ಕೊಡುವಾಗ ಮಾತ್ರ ಅಂಗಡಿ ಆಗಲ್ಲ, ವಿಳಾಸದಲ್ಲೇ ಕೊಡಬೇಕಂತೆ.

ಮೂರನೇ ಸಲ ಹುಡುಗ ನಿಜವಾಗಿ ಬಂದ. ಪಾಪ, ಪೂರಾ ಒದ್ದೆ. ಪ್ಲಾಸ್ಟಿಕ್ ಕವರಿನೊಳಗಿನ ಮೊಬೈಲ್ ತೆಗೆದು ಬೂಟಿನ ಫೋಟೋ ನೋಡಿದ, ಬೂಟು ನೋಡಿದ, ಮತ್ತೆ ಫೋಟೋ ನೋಡಿದ.

“ಅಣ್ಣಾ, ಫೋಟೋದಲ್ಲಿ ಒಂದು ಎಡ, ಒಂದು ಬಲ ಇದೆ. ಇದು ಎರಡೂ ಎಡ. ಮ್ಯಾಚ್ ಆಗ್ತಿಲ್ಲ, ತಗೊಳ್ಳೋಕೆ ಬರಲ್ಲ.”

“ಅದಕ್ಕೇ ಅಲ್ವಾ ವಾಪಸ್ ಕೊಡ್ತಿರೋದು?”

“ನಂಗೆ ಅರ್ಥ ಆಗುತ್ತೆ ಅಣ್ಣಾ. ಈ ಆ್ಯಪ್‌ಗೆ ಅರ್ಥ ಆಗಲ್ಲ.”

ಕಾಫಿ ಕುಡಿಸಿ ಕಳಿಸಿದೆ. ಸಂಜೆ ಹಲಸಿನ ಮರದ ಹತ್ತಿರ ಹೋದಾಗ ರಿಟರ್ನ್ ಕ್ಯಾನ್ಸಲ್ ಆಗಿದೆ ಎಂಬ ಮೆಸೇಜ್ ಕಾದಿತ್ತು. ಏಳು ದಿನವೂ ಮುಗಿದಿತ್ತು, ಹೊಸದಾಗಿ ಒತ್ತೋಣವೆಂದರೆ ಬಟನ್ನೇ ಇಲ್ಲ. ನನ್ನದೂ ಒಂದು ತಪ್ಪಿತ್ತು. ಕಾರಣ ಕೇಳಿದಾಗ 'ಸೈಜ್ ಸರಿಯಿಲ್ಲ' ಎಂದು ಒತ್ತಿದ್ದೆ. ಪಟ್ಟಿಯಲ್ಲಿ 'ಎರಡೂ ಎಡಗಾಲು' ಅಂತ ಎಲ್ಲಿರುತ್ತದೆ? 'ಬೇರೆ ವಸ್ತು ಬಂದಿದೆ' ಎಂದು ಒತ್ತಿ ಫೋಟೋ ಹಾಕಬೇಕಿತ್ತು.

ಕಸ್ಟಮರ್ ಕೇರ್‌ನವರು ದಿನಕ್ಕೊಬ್ಬರು. ಪ್ರತಿಯೊಬ್ಬರಿಗೂ ಎಡಗಾಲು, ಬಲಗಾಲು ಎಂದು ಮೊದಲಿಂದ ಹೇಳಬೇಕು. ಕೊನೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ, ಹೇಳಿದ್ದೇ ಒಂದು, ಬಂದದ್ದೇ ಒಂದಾದರೆ ಮಾರಿದವರು ವಾಪಸ್ ತಗೊಳ್ಳೋದಿಲ್ಲ ಅನ್ನುವಂತಿಲ್ಲ. ಕಂಪನಿಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಸಿಕ್ಕಿದೆ ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಮುಗಿಸಬೇಕು. ಅದಾದ ಮೇಲೆ ಮಾತಿನ ಧಾಟಿಯೇ ಬದಲಾಯ್ತು. ದುಡ್ಡು ಬಂತು. ಬೂಟು ತಂದ ದಿನದಿಂದ ಲೆಕ್ಕ ಹಾಕಿದರೆ 34 ದಿನ. ಬೂಟು ನೀವೇ ಇಟ್ಕೊಳ್ಳಿ ಅಂದರು.

ಇನ್ನು ರೇನ್‌ಕೋಟ್. ₹ 1,150, ಎರಡನೇ ದಿನಕ್ಕೇ ಜಿಪ್ ಕಿತ್ತು ಬಂತು. ಮಾರಿದವರಿಗೆ ವಾಟ್ಸಾಪಿನಲ್ಲಿ ಫೋಟೋ ಹಾಕಿದೆ. “ಸರ್, ನಮ್ಮ ಪಿಕಪ್ ನಿಮ್ಮ ಕಡೆ ಇಲ್ಲ. ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಫೋಟೋ ಕಳಿಸಿ” ಎಂದರು. ಮೊದಲು ಸಿಟ್ಟು ಬಂತು. ಕೆಟ್ಟ ಮಾಲು ಕೊಟ್ಟು ನಾನೇ ಕಳಿಸಬೇಕಾ? ಆದರೆ ನಾನು ತಿಂಗಳಿಗೊಮ್ಮೆ ಹೇಗೂ ಪೋಸ್ಟಾಫೀಸಿಗೆ ಹೋಗುವವನು, ಅಮ್ಮನ ಆರ್.ಡಿ. ಕಟ್ಟಲು. ಕೌಂಟರಿನ ಅಕ್ಕ ತೂಕ ಹಾಕಿದರು, ಪಾರ್ಸೆಲಿಗೆ ಇನ್ನೊಂದು ಸುತ್ತು ಟೇಪ್ ಹಾಕಿ ಎಂದು ಅವರೇ ಟೇಪ್ ಕೊಟ್ಟರು, ನೂರು ಚಿಲ್ಲರೆ ರೂಪಾಯಿ ತಗೊಂಡು ರಸೀದಿ ಹರಿದು ಕೊಟ್ಟರು.

ಆ ರಸೀದಿಯೇ ಮುಖ್ಯ. ಅದರಲ್ಲಿ ನಂಬರ್ ಇದೆ, ತಾರೀಕು ಇದೆ, ತೂಕ ಇದೆ. ನಾನು ಮನೆಯಲ್ಲಿದ್ದೆನೋ ಇಲ್ಲವೋ ಎಂದು ಬೇರೆ ಯಾರೋ ಒತ್ತುವ ಮಾತೇ ಇಲ್ಲ. ಪಾರ್ಸೆಲ್ ಅವರಿಗೆ ತಲುಪಿದ್ದು ಐದನೇ ದಿನ, ಅಷ್ಟರಲ್ಲಿ ಎರಡು ದಿನ ಭಾಗಮಂಡಲದ ಕಡೆ ರಸ್ತೆ ಮೇಲೆ ಕಾವೇರಿ ನೀರು. ಆರನೇ ದಿನ ಯುಪಿಐಗೆ ದುಡ್ಡು ಬಂತು. ಪೋಸ್ಟಿನ ಖರ್ಚಿನಲ್ಲಿ ₹ 80 ಮಾತ್ರ ಕೊಟ್ಟರು. ಉಳಿದದ್ದಕ್ಕೆ ನಾನು ಜಗಳ ಆಡಲಿಲ್ಲ.

ಇದರಲ್ಲಿ ಅಪಾಯ ಇಲ್ಲ ಅಂತಲ್ಲ. ಸಣ್ಣ ಮಾರಾಟಗಾರ ಫೋನ್ ಎತ್ತದೆ ಹೋದರೆ ಮುಗೀತು. ಅದಕ್ಕೇ ದುಡ್ಡು ಕೊಡುವ ಮೊದಲು ಅವರ ರಿಟರ್ನ್ ವಿಳಾಸ ಕೇಳಿ ಬರೆಸಿಕೊಳ್ಳುತ್ತೇನೆ. ವಿಳಾಸ ಕೊಡದವರ ಹತ್ತಿರ ವ್ಯಾಪಾರ ಇಲ್ಲ. ಎರಡು ಸಾವಿರಕ್ಕಿಂತ ಜಾಸ್ತಿಯದನ್ನು, ಫ್ರಿಜ್, ಇನ್ವರ್ಟರ್ ಥರದ ಭಾರದ ಸಾಮಾನನ್ನು ಹೀಗೆ ತರಿಸುವುದೂ ಇಲ್ಲ. ಅದಕ್ಕೆ ಮಡಿಕೇರಿಯೇ ಸರಿ.

ಆ್ಯಪ್‌ನಲ್ಲಿ ಈಗಲೂ ಸಣ್ಣಪುಟ್ಟದು ತರಿಸುತ್ತೇನೆ, ಕಡಿಮೆ ಬೆಲೆಗೆ ಸಿಗುತ್ತದೆ ಅಂತ. ಪೊಟ್ಟಣ ಬಿಚ್ಚುವಾಗ ಮಗಳು ವಿಡಿಯೋ ಮಾಡುತ್ತಾಳೆ. ರಿಫಂಡ್ ವ್ಯಾಲೆಟ್‌ಗೆ ತಗೊಂಡರೆ ತಕ್ಷಣ, ಬ್ಯಾಂಕಿಗೆ ಆದರೆ ಕೆಲವು ದಿನ ಎಂದು ಕೇಳಿದರೆ ನಾನು ಬ್ಯಾಂಕೇ ಒತ್ತುತ್ತೇನೆ. ವ್ಯಾಲೆಟ್ಟಿನ ದುಡ್ಡಲ್ಲಿ ಅಕ್ಕಿ ಬರಲ್ಲ.

ಆ ಎರಡು ಎಡಗಾಲಿನ ಬೂಟು ಜಗಲಿಯಲ್ಲೇ ಇವೆ. ನನ್ನ ಹಳೇ ಜೊತೆಯಲ್ಲಿ ಒಂದು ತೂತಾಗಿದೆ, ಬದಲಿಗೆ ಇದನ್ನು ಹಾಕಿಕೊಳ್ಳಬಹುದಿತ್ತು. ತೂತಾಗಿರುವುದು ಬಲಗಾಲಿನದು.