ಕರೆಂಟ್ ಹೋದಾಗ ಚೆನ್ನಾಗಿ ನುಡಿಯುವ ಎಲೆಕ್ಟ್ರಿಕ್ ಗಿಟಾರ್

ಬೆಂಗಳೂರಿನ ಬಳೇಪೇಟೆಗೆ ಹೋಗಿದ್ದು ಮಗಳ ಮೃದಂಗಕ್ಕೆ ಹೊಸ ಮುಚ್ಚಿಗೆ ಹಾಕಿಸಲು. ಮೂರು ವರ್ಷದ ಹಿಂದಿನ ಮಾರ್ಚ್ ತಿಂಗಳು, ಸುಡು ಬಿಸಿಲು. ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ಆ ಕಡೆ ನಡೆದರೆ ವೀಣೆ, ತಬಲಾ, ಡೋಲಿನ ಅಂಗಡಿಗಳು ಸಿಗುತ್ತವೆ ಅಲ್ವಾ? ಅಂಥ ಒಂದು ಅಂಗಡಿಯಲ್ಲಿ ಯಜಮಾನರು ಮೃದಂಗದ ಬಾರು ಬಿಚ್ಚುತ್ತಾ ಕೂತಿದ್ದರು. ನಾನು ಸುಮ್ನೆ ಮೇಲೆ ನೋಡಿದೆ. ಅಟ್ಟದಲ್ಲಿ ಎರಡು ಹಾರ್ಮೋನಿಯಂ ಪೆಟ್ಟಿಗೆಗಳ ಮಧ್ಯೆ ಧೂಳು ತಿಂದ ಒಂದು ಗಿಟಾರ್. ಅಂಚು ಕಪ್ಪು, ನಡುವೆ ಕೆಂಪು. ತಂತಿಗಳ ಕೆಳಗೆ ರೇಷ್ಮೆ ಸೀರೆಯ ಜರಿಯ ಹಾಗೆ ಏನೋ ಹೊಳೆಯಿತು.

ಗೋಲ್ಡ್ ಫಾಯಿಲ್ ಪಿಕಪ್! ಗಿಟಾರ್ ಹುಚ್ಚು ಇರುವವರಿಗೆ ಇಷ್ಟು ಹೇಳಿದರೆ ಸಾಕು. ಉಳಿದವರಿಗೆ: ಪಿಕಪ್ ಅಂದರೆ ತಂತಿಯ ನಡುಕ ಹಿಡಿದು ಆಂಪಿಗೆ, ಅಂದರೆ ಸದ್ದು ದೊಡ್ಡದು ಮಾಡುವ ಪೆಟ್ಟಿಗೆಗೆ, ಕಳಿಸುವ ಭಾಗ. 1960ರ ದಶಕದ ಜಪಾನಿ ಗಿಟಾರುಗಳಲ್ಲಿ ಬರುತ್ತಿದ್ದದ್ದು ಇದು. ಆಗ ಅಗ್ಗದ ಮಾಲು. ನಮ್ಮ ಮೋಹನವೀಣೆಯ ವಿಶ್ವ ಮೋಹನ್ ಭಟ್ಟರ ಜೊತೆ 1994ರಲ್ಲಿ ಗ್ರ್ಯಾಮಿ ಪಡೆದ ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಇದ್ದಾರಲ್ಲ, ಅವರ ಗಿಟಾರಿನಲ್ಲಿ ಟೈಸ್ಕೊ ಕಂಪನಿಯ ಇಂಥದ್ದೇ ಪಿಕಪ್ ಕೂತಿದೆ. ಈಗ ಹುಡುಕಿಕೊಂಡು ಕೊಳ್ಳುವವರಿದ್ದಾರೆ.

'ಆರ್ಕೆಸ್ಟ್ರಾದವರು ರಿಪೇರಿಗೆ ಕೊಟ್ಟು ಹೋದ್ರು ಸಾರ್, ಮತ್ತೆ ಬರಲೇ ಇಲ್ಲ. ನಮ್ಮಪ್ಪನ ಕಾಲದ್ದು' ಅಂದರು ಯಜಮಾನರು. ಹೆಸರಿನ ಬಿಲ್ಲೆ ಕಿತ್ತು ಹೋಗಿತ್ತು. ಕತ್ತಿನ ಹಿಂದಿನ ತಗಡಿನ ಮೇಲೆ 'ಮೇಡ್ ಇನ್ ಜಪಾನ್' ಅಂತಿತ್ತು. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೆನ್ನಿಗೆ ಅಂಟಿಸಿದ್ದ ಹಳದಿ ಬಣ್ಣಕ್ಕೆ ತಿರುಗಿದ ಒಂದು ಚೀಟಿ. ಬಾಲ್‌ಪೆನ್ನಲ್ಲಿ, ಕನ್ನಡದಲ್ಲಿ, ಯಾವುದೋ ಹಾಡಿನ ಸ್ವರಗುಚ್ಛಗಳು: 'ಸಿ, ಎ ಮೈನರ್, ಎಫ್, ಜಿ. ಎರಡು ಸಲ. ಆಮೇಲೆ ಕೊಳಲು.' ಯಾವ ಗಣೇಶನ ಪೆಂಡಾಲಿನಲ್ಲಿ ನುಡಿಸಿದ್ದರೋ ಏನೋ. 12,000 ಹೇಳಿದರು, 8,500ಕ್ಕೆ ಮುಗಿಯಿತು. ಮೃದಂಗ ಅಲ್ಲೇ ಬಿಟ್ಟು ಗಿಟಾರ್ ಹೊತ್ತುಕೊಂಡು ಮನೆಗೆ ಬಂದೆ. ಮಗಳು ಆ ವಾರ ಪೂರ್ತಿ ಮಾತಾಡಲಿಲ್ಲ.

ತಂತಿ, ನಟ್ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ), ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಉಜ್ಜಿಸಿದ್ದು ಎಲ್ಲ ಸೇರಿ ಇನ್ನೊಂದು 4,000 ಹೋಯಿತು. ಕತ್ತಿನೊಳಗೆ ಬರೀ ಉಕ್ಕಿನ ಪಟ್ಟಿ, ತಿರುಗಿಸಿ ಸರಿ ಮಾಡುವ ರಾಡ್ ಇಲ್ಲ. ತಂತಿಗಳು ಬೆರಳಿಗೆ ಸಿಗದಷ್ಟು ಎತ್ತರದಲ್ಲಿದ್ದವು. ಕತ್ತು ಬಿಚ್ಚಿ, ಸಂದಿಗೆ ಮದುವೆ ಕಾರ್ಡಿನ ಎರಡು ತುಂಡು ಇಟ್ಟು ಮತ್ತೆ ಬಿಗಿದೆ. ಈಗ ಪರವಾಗಿಲ್ಲ.

ಇಷ್ಟೆಲ್ಲ ಸಹಿಸಿಕೊಳ್ಳಬಹುದು. ಸಹಿಸೋಕಾಗದ್ದು ಅದರ ಗುಂಯ್.

ಇದರದ್ದು ಒಂದೇ ಸುರುಳಿಯ ಪಿಕಪ್. ತಂತಿಯ ನಡುಕವನ್ನು ಹಿಡಿಯುವ ಹಾಗೆಯೇ ಸುತ್ತಲಿನ ಕರೆಂಟಿನ ಸದ್ದನ್ನೂ ಹಿಡಿಯುತ್ತದೆ. ಎರಡು ಸುರುಳಿ ಎದುರುಬದುರು ಹಾಕಿ ಈ ಗುಂಯ್ ಕೊಲ್ಲುವ ಉಪಾಯಕ್ಕೆ ಅಮೆರಿಕದ ಗಿಟಾರ್ ಕಂಪನಿ ಗಿಬ್ಸನ್ನಿನ ಸೆತ್ ಲವರ್ 1955ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. ನನ್ನ ಗಿಟಾರ್ ಮಾಡಿದವರು ಆ ಖರ್ಚಿಗೆ ಹೋಗಿಲ್ಲ. ನಮ್ಮ ಮನೆ ಹನುಮಂತನಗರದ ಹಳೇ ಮನೆ, ಅರ್ತಿಂಗ್ ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಗೇಟಿನ ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರ್ ಬೇರೆ.

ಎಸ್‌ಪಿ ರೋಡಿನಿಂದ ತಾಮ್ರದ ಟೇಪು ತಂದು ಒಳಗೆಲ್ಲ ಅಂಟಿಸಿದೆ. ಕಿರಿಕಿರಿ ಸದ್ದು ಹೋಯಿತು, ಗುಂಯ್ ಹೋಗಲಿಲ್ಲ. ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರಕ್ಕೆ ತಾಮ್ರದ ಹಾಳೆ ಲೆಕ್ಕಕ್ಕೇ ಇಲ್ಲ. ಗಿಟಾರ್ ಹಿಡಿದ ದಿಕ್ಕು ಬದಲಿಸಿದರೆ ಮಾತ್ರ ಕಮ್ಮಿಯಾಗುತ್ತದೆ. ಹಾಗಾಗಿ ಬೆಳಗ್ಗೆ ಆರಕ್ಕೆ, ಕಾಫಿ ಮುಗಿಸಿ, ಈಶಾನ್ಯಕ್ಕೆ ಮುಖ ಮಾಡಿ ಕೂರುತ್ತೇನೆ. ಅಮ್ಮನಿಗೆ ಖುಷಿ, ಮಗ ಕೊನೆಗೂ ವಾಸ್ತು ನಂಬಿದ ಅಂತ. ಕಾವೇರಿ ನೀರು ಬರುವ ದಿನ ಪಕ್ಕದ ಮನೆಯವರು ಸಂಪಿನ ಮೋಟಾರ್ ಹಾಕಿದರೆ ನನಗೆ ಗಿಟಾರಿನಲ್ಲೇ ಗೊತ್ತಾಗುತ್ತದೆ. ಎದ್ದು ಹೋಗಿ ನಮ್ಮ ಮೋಟಾರೂ ಹಾಕುತ್ತೇನೆ.

ಇನ್ನೂ ಒಂದು ಕಾಟ. ನಮ್ಮ ಕರೆಂಟು 50 ಹರ್ಟ್ಜ್, ಅದರ ದುಪ್ಪಟ್ಟು 100. ಆರನೇ ತಂತಿಯ ಮೂರನೇ ಫ್ರೆಟ್ ಒತ್ತಿದರೆ ಬರುವ ಜಿ ಸ್ವರ 98. ಎರಡೂ ಸೇರಿದರೆ ಸೆಕೆಂಡಿಗೆ ಎರಡು ಸಲ ವ್ವ ವ್ವ ಅಂತ ಅಲೆ ಏಳುತ್ತದೆ. ಒಂದು ಸಲ ರೇಗಿ ಹೋಗಿ ಆರೂ ತಂತಿಯನ್ನು ಗುಂಯ್‌ಗೇ ಶ್ರುತಿ ಮಾಡಿದೆ. ತಂಬೂರಿ ಹಾಕಿದ ಹಾಗೆ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಲ್ಲ. ಆದರೆ ಬೇರೆ ಯಾವ ಹಾಡಿನ ಜೊತೆಗೂ ನುಡಿಸೋಕಾಗಲಿಲ್ಲ. 'ಅಪ್ಪಾ, ಶ್ರುತಿಪೆಟ್ಟಿಗೆ ಫ್ರೀ' ಅಂದಳು ಮಗಳು. ಎರಡನೇ ವರ್ಷದ ಹೊತ್ತಿಗೆ ಮಾರಿಬಿಡೋಣ ಅಂತ ಫೋಟೊ ಕೂಡ ತೆಗೆದಿಟ್ಟಿದ್ದೆ.

ಆಮೇಲೆ ಒಂದು ಮೇ ಸಂಜೆ ಜೋರು ಮಳೆ. ಬೀದಿಗೆ ಬೀದಿಯೇ ಕತ್ತಲು. ನಮ್ಮ ಮನೆಯಲ್ಲಿ ಯುಪಿಎಸ್ ಇಲ್ಲ. ಮಗಳದ್ದೊಂದು ಒಂಬತ್ತು ವೋಲ್ಟ್ ಬ್ಯಾಟರಿಯ ಅಂಗೈ ಅಗಲದ ಆಂಪ್ ಇತ್ತು. ಹೊತ್ತು ಹೋಗದೆ ಅದಕ್ಕೆ ಸಿಕ್ಕಿಸಿದೆ. ಆನ್ ಮಾಡಿದರೆ ಏನೂ ಸದ್ದಿಲ್ಲ. ಆಂಪ್ ಕೆಟ್ಟಿದೆ ಅಂದುಕೊಂಡೆ. ಅಂಗಿಯ ಗುಂಡಿ ಗಿಟಾರಿನ ಬೆನ್ನಿಗೆ ತಾಗಿ ಟಕ್ ಅಂತ ಸ್ಪೀಕರಿನಲ್ಲಿ ಕೇಳಿದಾಗಲೇ ಗೊತ್ತಾಗಿದ್ದು, ಸತ್ತಿದ್ದು ಗುಂಯ್ ಅಂತ. ಆರನೇ ತಂತಿ ಮೀಟಿದೆ. ಮೊದಲು ಗುಂಡಗೆ, ಹಿಂದೆಯೇ ತುದಿಯಲ್ಲಿ ಒಂಚೂರು ಒರಟು, ಆಮೇಲೆ ಎಳೆ ಸಣ್ಣಗಾಗುತ್ತಾ ಮಳೆ ಸದ್ದಿನಲ್ಲಿ ಕರಗಿತು. ಎರಡು ವರ್ಷ ಮನೆಯಲ್ಲಿದ್ದ ಗಿಟಾರನ್ನು ಅವತ್ತು ಮೊದಲ ಸಲ ಕೇಳಿದೆ. ಚೀಟಿಯಲ್ಲಿದ್ದದ್ದನ್ನೇ ನುಡಿಸಿದೆ, ಎರಡು ಸಲ. ಕೊಳಲು ಇರಲಿಲ್ಲ, ಮಗಳು ಮೃದಂಗ ತಂದಳು.

ನಾನು ಸುರಿದ ಈ 12,500ಕ್ಕೆ ಹೊಚ್ಚ ಹೊಸ, ಗುಂಯ್ ಇಲ್ಲದ ಗಿಟಾರ್ ಬರುತ್ತದೆ. ಮೊದಲ ಗಿಟಾರ್ ಕೊಳ್ಳುವವರು ಅದನ್ನೇ ತಗೊಳ್ಳಿ. ಪಿಕಪ್ ಬದಲಿಸು ಅಂತ ನನಗೆ ಹೇಳಿದವರು ನಾಲ್ಕು ಜನ, ನಾಲ್ವರಿಗೂ ಆಗಲ್ಲ ಅಂದೆ. ಐದಕ್ಕೆ ಎಷ್ಟು ಅಂಕ ಅಂದರೆ, ಕರೆಂಟ್ ಇದ್ದಾಗ ಎರಡು, ಇಲ್ಲದಾಗ ಐದು.

ಮಗಳಿಗೆ ಈ ವರ್ಷ ಎಸ್‌ಎಸ್‌ಎಲ್‌ಸಿ. ಯುಪಿಎಸ್ ಹಾಕಿಸಲೇಬೇಕು ಅಂತ ಹೆಂಡತಿ ಎರಡು ಸಲ ಹೇಳಿ ಆಯಿತು. ನಾನು 'ರೇಟ್ ವಿಚಾರಿಸ್ತಿದೀನಿ' ಅಂತ ದಿನ ತಳ್ಳುತ್ತಿದ್ದೇನೆ.