ಯೂಟ್ಯೂಬ್, ಬೀಚಿನ ಕೆಫೆ, ಉತ್ಸವದ ವೇದಿಕೆ, ಮನೆಯ ಜಗುಲಿ: ಸ್ವಂತ ಹಾಡಿಗೆ ಆಸರೆ ಎಲ್ಲಿ?

ಸಿನಿಮಾದ ನಂಟಿಲ್ಲ, ರಿಯಾಲಿಟಿ ಶೋ ಹಾದಿ ಹಿಡಿದಿಲ್ಲ, ಯಾವ ಆಡಿಯೋ ಕಂಪನಿಯೊಂದಿಗೂ ಕರಾರಿಲ್ಲ. ಶಿರಸಿ ತಾಲೂಕಿನ ಹಳ್ಳಿಯಲ್ಲಿದ್ದುಕೊಂಡು ಸಾಹಿತ್ಯ, ರಾಗ ಎರಡನ್ನೂ ನಾನೇ ಕಟ್ಟಿ, ಹಾರ್ಮೋನಿಯಂ ಹಿಡಿದು ಹಾಡುತ್ತೇನೆ. ತಬಲಾಕ್ಕೆ ಕುಮಟಾ ಕಡೆಯವರೊಬ್ಬರು ಘಟ್ಟ ಹತ್ತಿ ಬರುತ್ತಾರೆ. ಹೀಗೆ ತಮ್ಮದೇ ಹಾಡು ಕಟ್ಟುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. "ಅಕ್ಕಾ, ಯಾವ ದಾರಿ ಹಿಡಿದರೆ ಒಳ್ಳೇದು?" ಅನ್ನುವುದೇ ಎಲ್ಲರ ಪ್ರಶ್ನೆ. ನಾನು ನಡೆದು ನೋಡಿದ ದಾರಿಗಳನ್ನು ಅಕ್ಕಪಕ್ಕ ಇಟ್ಟು ಹೇಳುತ್ತೇನೆ.

ಆದರೆ ಯಾವುದನ್ನು ಯಶಸ್ಸು ಅಂತ ಎಣಿಸುತ್ತೇವೆ ಅನ್ನುವುದು ಮೊದಲು ಇತ್ಯರ್ಥ ಆಗಬೇಕು. ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ ಪದ್ಮಶ್ರೀ ಬಂದದ್ದು 2017ರಲ್ಲಿ, ಇಳಿವಯಸ್ಸಿನಲ್ಲಿ. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಅವರು ಅದಕ್ಕೂ ದಶಕಗಳ ಹಿಂದಿನಿಂದ ಹಾಡುತ್ತಲೇ ಇದ್ದರು, ಹೆಂಗಸರ ನಡುವೆ ಕೂತು ಕಲಿಸುತ್ತಲೇ ಇದ್ದರು. ಪ್ರಶಸ್ತಿಯನ್ನೇ ಅಳತೆ ಮಾಡಿಕೊಂಡರೆ ಅಷ್ಟು ವರ್ಷಗಳ ಆ ಹಾಡಿಕೆಗೆ ಬೆಲೆಯೇ ಇಲ್ಲವೆಂದಾಗುತ್ತದೆ. ಅದನ್ನು ನಾನು ಒಪ್ಪಲಾರೆ. ನನ್ನ ಅಳತೆ ಇಷ್ಟೇ: ಇವತ್ತಿನ ಹಾಡಿಕೆ ಮುಂದಿನ ಹಾಡು ಕಟ್ಟಲು ಅನುಕೂಲ ಮಾಡಿಕೊಟ್ಟಿತೇ? ಹಾಡು ಕಟ್ಟಲು ಒಂದಿಷ್ಟು ದುಡ್ಡು ಬೇಕು, ಬಿಡುವು ಬೇಕು, ಗಮನವಿಟ್ಟು ಕೇಳಿ "ಇಲ್ಲಿ ಎಳೆದಂತಾಯಿತು" ಅಂತ ಹೇಳುವ ಜನ ಬೇಕು. ಯಾವ ದಾರಿ ಇವುಗಳಲ್ಲಿ ಎಷ್ಟನ್ನು ಕೊಟ್ಟಿತು ಅಂತ ನೋಡಿದರೆ ಹೋಲಿಕೆ ಸುಲಭ.

ಹೊಸಬರೆಲ್ಲ ಮೊದಲು ಕೇಳುವುದು ಸ್ಪಾಟಿಫೈ, ಯೂಟ್ಯೂಬ್ ಬಗ್ಗೆ. ಸ್ಪಾಟಿಫೈಯಂಥ ಕಡೆ ಹಾಡು ಹಾಕಲು ನಡುವೆ ಒಬ್ಬ ಡಿಸ್ಟ್ರಿಬ್ಯೂಟರ್ ಬೇಕು. ಕೆಲವರು ವರ್ಷಕ್ಕಿಷ್ಟು ಅಂತ ಶುಲ್ಕ ತೆಗೆದುಕೊಳ್ಳುತ್ತಾರೆ, ಕೆಲವರು ಬರುವ ಹಣದಲ್ಲಿ ಪಾಲು ಹಿಡಿಯುತ್ತಾರೆ. ವರ್ಷದ ಶುಲ್ಕದವರಲ್ಲಿ ಕಟ್ಟುವುದು ನಿಂತರೆ ಹಾಡನ್ನೇ ಇಳಿಸಿಬಿಡುವ ನಿಯಮ ಇರಬಹುದು, ಸಹಿ ಹಾಕುವ ಮುಂಚೆ ಅದನ್ನು ಓದಿಕೊಳ್ಳಿ. 2024ರಿಂದ ಸ್ಪಾಟಿಫೈನಲ್ಲಿ ಇನ್ನೊಂದು ನಿಯಮ ಬಂದಿದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಸಲ ಕೇಳಿಸಿಕೊಳ್ಳದ ಹಾಡಿಗೆ ಹಣವೇ ಇಲ್ಲ. ಅದಕ್ಕೆ ಬರಬೇಕಾದ ಪಾಲು ಉಳಿದ ಹಾಡುಗಳಿಗೆ ಹಂಚಿಹೋಗುತ್ತದೆ. ಒಂದು ಸಲ ಕೇಳಿದರೆ ಇಷ್ಟು ಪೈಸೆ ಅನ್ನುವ ನಿಗದಿ ದರವೂ ಇಲ್ಲ. ಒಟ್ಟು ಆದಾಯದ ರಾಶಿಯಲ್ಲಿ ನಮ್ಮ ಹಾಡಿನ ಪ್ರಮಾಣ ಎಷ್ಟೋ ಅಷ್ಟೇ ನಮಗೆ. ಮಳೆಯ ಮೇಲೆ, ಅಜ್ಜಿಯ ಹಾಸಿಗೆಯ ಮೇಲೆ, ಬಸ್ಸಿಗೆ ಕಾಯುವುದರ ಮೇಲೆ ಕಟ್ಟಿದ ಕನ್ನಡ ಹಾಡಿಗೆ ಆ ರಾಶಿಯಲ್ಲಿ ಸಿಗುವ ಪಾಲು ಎಷ್ಟೆಂದು ನೀವೇ ಊಹಿಸಿ.

ಯೂಟ್ಯೂಬ್ ಇದಕ್ಕಿಂತ ವಾಸಿ. ಜಾಹೀರಾತಿನ ಹಣ ಬರಬೇಕಾದರೆ 1000 ಚಂದಾದಾರರು ಮತ್ತು ಹಿಂದಿನ 12 ತಿಂಗಳಲ್ಲಿ 4000 ಗಂಟೆ ವೀಕ್ಷಣೆ ಆಗಿರಬೇಕು. ಶಾರ್ಟ್ಸ್ ಮಾಡುವವರಿಗೆ ಲೆಕ್ಕ ಬೇರೆ ಇದೆ. ಅರ್ಹತೆ ಸಿಕ್ಕಮೇಲೆ ಉದ್ದದ ವೀಡಿಯೋದ ಜಾಹೀರಾತು ಆದಾಯದಲ್ಲಿ ಶೇ. 55 ನಮ್ಮದು. ನನಗೆ ಅದರಿಂದ ಬಂದದ್ದು ದುಡ್ಡಿಗಿಂತ ಹೆಚ್ಚಾಗಿ ಪರಿಚಯ. ಹುಬ್ಬಳ್ಳಿ, ಬೆಂಗಳೂರು, ಪುಣೆಗಳಲ್ಲಿರುವ ನಮ್ಮೂರ ಕಡೆಯವರು ಕೇಳಿ ಫೋನ್ ಮಾಡಿದರು, ಮುಂದೆ ಮನೆಗೆ ಕರೆದರು. ಆದರೆ ಜನಪದ ಧಾಟಿಯಲ್ಲಿ ಹಾಡುವವರು ಒಂದು ತೊಂದರೆಗೆ ತಯಾರಾಗಿರಬೇಕು. ತಲೆಮಾರುಗಳಿಂದ ಬಂದ ಧಾಟಿಯೊಂದನ್ನು ನಾನು ಹಾಡಿದಾಗ, ಅದೇ ಧಾಟಿಯನ್ನು ಹಿಂದೆ ರೆಕಾರ್ಡ್ ಮಾಡಿದ್ದ ಕಂಪನಿಯೊಂದರಿಂದ ಹಕ್ಕಿನ ತಕರಾರು ಬಂತು. ಆಕ್ಷೇಪಣೆ ಹಾಕಿದರೆ ಉತ್ತರ ಕೊಡಲು ಅವರಿಗೆ 30 ದಿನ ಸಮಯವಿರುತ್ತದೆ, ಅಲ್ಲಿಯತನಕ ಕಾಯಬೇಕು. ಹೆದರಿ ಹಾಡು ತೆಗೆಯಬೇಡಿ. ಧಾಟಿ ಸಾಂಪ್ರದಾಯಿಕ, ಈ ರೆಕಾರ್ಡಿಂಗ್ ನನ್ನದು ಅಂತ ಸ್ಪಷ್ಟವಾಗಿ ಬರೆದು ಆಕ್ಷೇಪಣೆ ಸಲ್ಲಿಸಿ.

ಇಷ್ಟೆಲ್ಲ ಹೇಳಿದರೂ ಈ ಎರಡನ್ನೂ ನಾನು ಬಿಟ್ಟಿಲ್ಲ. ಹಾಡುಗಳನ್ನು ಜೋಡಿಸಿಡಲು ಅದು ಒಳ್ಳೆಯ ಕಪಾಟು. ಕೇಳಿದವರಿಗೆ ಲಿಂಕ್ ಕಳಿಸಬಹುದು. ಬದುಕು ನಡೆಸುವ ಆಸರೆಯನ್ನು ಮಾತ್ರ ಅಲ್ಲಿ ಹುಡುಕಬೇಡಿ.

ಗೋಕರ್ಣದ ಕೆಫೆಗಳ ಲೆಕ್ಕವೇ ಬೇರೆ. ಕುಡ್ಲೆ, ಓಂ ಬೀಚ್ ಕಡೆ ಮಳೆಗಾಲ ಮುಗಿದು ಪ್ರವಾಸಿಗರು ಬರಲು ಶುರುವಾದಮೇಲೆ ಹಾಡುವವರು ಬೇಕು ಅನ್ನುವ ಕರೆಗಳು ಬರುತ್ತವೆ. ಹಾಡಿದ ರಾತ್ರಿಯೇ ದುಡ್ಡು ಕೈಗೆ, ಊಟ ಅಲ್ಲೇ. ನನ್ನ ರೆಕಾರ್ಡಿಂಗ್ ಮೈಕ್ ಬಂದದ್ದು ಆ ದುಡ್ಡಿನಿಂದ, ಆ ಉಪಕಾರ ಮರೆಯುವಂಥದ್ದಲ್ಲ. ಆದರೆ ಅಲ್ಲಿ ಬೇಕಿರುವುದು ಎಲ್ಲರಿಗೂ ಗೊತ್ತಿರುವ ಹಿಂದಿ ಹಾಡು, ಇಂಗ್ಲಿಷ್ ಹಾಡು. ನಡುವೆ ನನ್ನದೊಂದನ್ನು ಹಾಡಿದರೆ ಜನ ಸಮುದ್ರದ ಕಡೆ ತಿರುಗಿ ತಮ್ಮ ತಮ್ಮ ಮಾತಿಗೆ ಹಚ್ಚಿಕೊಳ್ಳುತ್ತಾರೆ. ಅವರ ತಪ್ಪೇನಿಲ್ಲ, ಅವರು ಬಂದದ್ದು ಕಡಲಿಗೆ. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು, ಆಮೇಲೆ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರಲು ಬಸ್ಸಿಲ್ಲ. ಹೆಣ್ಣುಮಕ್ಕಳು ಒಬ್ಬರೇ ಹೋಗುವುದಾದರೆ ಉಳಿಯುವ ವ್ಯವಸ್ಥೆ ಏನೆಂದು ಒಪ್ಪಿಕೊಳ್ಳುವ ಮುಂಚೆಯೇ ಕೇಳಿಬಿಡಬೇಕು, ಇದಕ್ಕೆ ಸಂಕೋಚ ಬೇಡ. ನನ್ನ ಅಳತೆಯಲ್ಲಿ ಕೆಫೆಗೆ ದುಡ್ಡಿನ ಅಂಕ ಪೂರ್ತಿ, ಬಿಡುವಿನ ಅಂಕ ಅರ್ಧ, ಕೇಳುಗರ ಅಂಕ ಸೊನ್ನೆ. ಬೇರೆಯವರ ಹಾಡನ್ನು ಇಡೀ ಸೀಸನ್ ಹಾಡಿದಮೇಲೆ ನನ್ನ ಧ್ವನಿಗೆ ನನ್ನ ಹಾಡೇ ಹೊರಗಿನದಾಗಿತ್ತು. ಅದನ್ನು ಮರಳಿ ತರಲು ಸಾಕಷ್ಟು ಸಮಯ ಹಿಡಿಯಿತು.

ಉತ್ಸವಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರವಾರದ ಕಡಲತೀರದಲ್ಲಿ ಕರಾವಳಿ ಉತ್ಸವ, ಬನವಾಸಿಯಲ್ಲಿ ಕದಂಬೋತ್ಸವ, ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ. ಇಂಥ ಹೊತ್ತಿನಲ್ಲಿ ಸ್ಥಳೀಯ ಕಲಾವಿದರಿಗೂ ವೇದಿಕೆ ಸಿಗುತ್ತದೆ. ಸಂಜೆಯ ಮೊದಲ ಹೊತ್ತು ನಮ್ಮದು, ಒಂದೆರಡು ಹಾಡು. ಎದುರಿಗೆ ಕೂತ ಜನ ರಾತ್ರಿಯ ಸಿನಿಮಾ ಗಾಯಕರಿಗಾಗಿ ಜಾಗ ಹಿಡಿದಿರುತ್ತಾರೆ. ಆದರೂ ಹೋಗಿ. ಆ ಪ್ರಮಾಣಪತ್ರ, ಆ ಫೋಟೋ ಮುಂದೆ ಸರ್ಕಾರಿ ಪ್ರಾಯೋಜನೆಗೆ ಅರ್ಜಿ ಹಾಕುವಾಗ ಬೇಕಾಗುತ್ತವೆ. ಕಡತವೊಂದನ್ನು ಇಟ್ಟುಕೊಂಡು ಆಮಂತ್ರಣ ಪತ್ರಿಕೆ, ಪತ್ರಿಕಾ ವರದಿ ಎಲ್ಲವನ್ನೂ ಅದರಲ್ಲಿ ಸೇರಿಸುತ್ತ ಬನ್ನಿ. ಸುಗಮ ಸಂಗೀತದವರು ಧಾರವಾಡ ಆಕಾಶವಾಣಿಯ ಧ್ವನಿಪರೀಕ್ಷೆಗೂ ಕೂಡಬಹುದು. ಬಿ, ಬಿ-ಹೈ, ಎ, ಟಾಪ್ ಅಂತ ಶ್ರೇಣಿಗಳಿವೆ. ಸಂಭಾವನೆಗಿಂತ ಆ ಶ್ರೇಣಿಗೆ ನಮ್ಮ ಹಿರಿಯರಲ್ಲಿ ಇವತ್ತಿಗೂ ಇರುವ ಗೌರವ ದೊಡ್ಡದು.

ಸಂಗೀತದ ಕ್ಲಾಸು ನಡೆಸುವುದು ನಮ್ಮ ಭಾಗದ ಹೆಚ್ಚಿನ ಕಲಾವಿದರ ಆಧಾರ, ನನ್ನದೂ ಕೂಡ. ತಿಂಗಳು ತಿಂಗಳು ಬರುವ ದುಡ್ಡು ಅದೊಂದೇ. ಪರೀಕ್ಷೆಯ ತಯಾರಿ ಹತ್ತಿರ ಬಂದಾಗ ಸಂಜೆಗಳೆಲ್ಲ ಅದಕ್ಕೇ ಹೋಗುತ್ತವೆ, ನನ್ನ ಹಾಡು ಪಕ್ಕಕ್ಕೆ ಸರಿಯುತ್ತದೆ. ವಾರದಲ್ಲಿ ಎರಡು ಸಂಜೆ ಯಾರಿಗೂ ಕೊಡುವುದಿಲ್ಲ ಅಂತ ಈಗ ಗಟ್ಟಿ ಮಾಡಿಕೊಂಡಿದ್ದೇನೆ.

ಇನ್ನು ಜಗುಲಿ. ನಾನು ಮನಸ್ಸು ಬಿಚ್ಚಿ ಹೇಳಬೇಕಿರುವುದು ಇದರ ಬಗ್ಗೆಯೇ.

ಘಟ್ಟದ ಮೇಲಿನ ನಮ್ಮ ಮನೆಗಳಿಗೆ ಕೂತು ಕೇಳುವ ರೂಢಿ ಹೊಸದಲ್ಲ. ಮಳೆಗಾಲದಲ್ಲಿ ತಾಳಮದ್ದಲೆ ಇಡೀ ರಾತ್ರಿ ನಡೆದ ಜಗುಲಿಗಳಿವು. ಯಲ್ಲಾಪುರ ತಾಲೂಕಿನ ಹಳ್ಳಿಯ ಹೆಸರನ್ನು ತಮ್ಮ ಹೆಸರಿನ ಜೊತೆ ದೇಶಕ್ಕೆಲ್ಲ ಕೇಳಿಸಿದ ಹಾಸಣಗಿ ಗಣಪತಿ ಭಟ್ಟರಂಥ ಹಿಂದೂಸ್ತಾನಿ ಗಾಯಕರು ಬಂದದ್ದು ಇದೇ ಮಣ್ಣಿನಿಂದ. ಹಾಗಾಗಿ ಸಾಧಾರಣ ಕೃಷಿಕರ ಮನೆಯಲ್ಲೂ ಯಮನ್ ರಾಗ ಯಾವುದು, ಭೂಪ್ ರಾಗ ಯಾವುದು ಅಂತ ಗೊತ್ತಿರುವವರು ಒಬ್ಬಿಬ್ಬರಾದರೂ ಇರುತ್ತಾರೆ. ಮೂವತ್ತು ನಲವತ್ತು ಜನ, ಕಂಬಳಿ ಹಾಸಿದ ನೆಲ, ಮೈಕ್ ಇಲ್ಲ. ಕರೆಂಟ್ ಹೋದರೂ ಕಾರ್ಯಕ್ರಮ ನಿಲ್ಲುವುದಿಲ್ಲ. ಹಾಡು ಮುಗಿದ ಕೂಡಲೇ ಚಪ್ಪಾಳೆಗಿಂತ ಮೊದಲು ಮಾತು ಬರುತ್ತದೆ. "ತಂಗೀ, ಆ ಮಳೆ ಪದ ಇನ್ನೊಂದ್ಸಲ ಹೇಳೆ" ಅಂತ ಒಬ್ಬ ಅಜ್ಜ ಕೇಳಿದರೆ ಆ ಹಾಡು ಮನಸ್ಸಿನಲ್ಲಿ ನಿಂತಿತು ಅಂತಲೇ ಅರ್ಥ. ಎರಡನೇ ಚರಣದಲ್ಲಿ ಪದಗಳು ತುಂಬಿಹೋಗಿ ಉಸಿರಿಗೆ ಜಾಗವೇ ಇಲ್ಲ ಅಂತ ಇನ್ನೊಂದು ಮನೆಯ ಅತ್ತೆ ಹೇಳಿದರು. ಅವರು ಸಂಪ್ರದಾಯದ ಹಾಡು ಹೇಳುವವರು, ಹೇಳಿದ್ದು ನೂರಕ್ಕೆ ನೂರು ಸರಿ. ಅವತ್ತೇ ಆ ಸಾಲನ್ನು ಒಡೆದು ಬರೆದೆ. ಯೂಟ್ಯೂಬಿನ ಯಾವ ಪ್ರತಿಕ್ರಿಯೆಯೂ ನನಗೆ ಒಂದು ಸಾಲನ್ನು ತಿದ್ದಿಕೊಟ್ಟಿಲ್ಲ.

ದುಡ್ಡು ಹೇಗೆ? ವೀಳ್ಯದೆಲೆ, ಅಡಿಕೆಯ ಜೊತೆ ಹರಿವಾಣದಲ್ಲಿ ಒಂದು ಲಕೋಟೆ ಬರುತ್ತದೆ. ಕೆಲವು ಕಡೆ ತುಂಬು ಕೈ, ಕೆಲವು ಕಡೆ ಪ್ರೀತಿ ಮಾತ್ರ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಯಾರಿಗೂ ಪುರಸೊತ್ತಿಲ್ಲ, ಕೇಳಲೇಬಾರದು. ಜೂನ್‌ನಿಂದ ಸೆಪ್ಟೆಂಬರ್ ತನಕ ಜನ ಮನೆಯಲ್ಲೇ ಇರುತ್ತಾರೆ, ಮನಸ್ಸೂ ಬಿಚ್ಚಿರುತ್ತದೆ. ಅದೇ ತಿಂಗಳುಗಳಲ್ಲಿ ನನ್ನ ಮನೆಯ ತಗಡಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದಿಗೆ ರೆಕಾರ್ಡಿಂಗ್ ಸಾಧ್ಯವೇ ಇಲ್ಲ. ಆದ್ದರಿಂದ ಮಳೆಗಾಲಕ್ಕೆ ಜಗುಲಿಯ ಈ ಬೈಠಕ್, ಬೇಸಿಗೆಗೆ ರೆಕಾರ್ಡಿಂಗ್ ಅಂತ ವರ್ಷ ತಾನಾಗಿಯೇ ಹೊಂದಿಕೊಂಡಿದೆ.

ಘಟ್ಟದ ಕೆಳಗೆ ಹೋದರೆ ಕೇಳುವ ರೀತಿ ಬೇರೆ. ಕುಮಟಾ, ಹೊನ್ನಾವರದ ಕೊಂಕಣಿ ಮನೆಗಳಲ್ಲಿ ಭಜನೆಯಿಂದ ಶುರು ಮಾಡಿದರೆ ಮಾತ್ರ ಮನೆಯ ಹಿರಿಯರು ಹತ್ತಿರ ಬರುತ್ತಾರೆ. ಕಾರವಾರದಲ್ಲಿ ಮರಾಠಿ ನಾಟ್ಯಸಂಗೀತದ ರುಚಿ ಗಟ್ಟಿಯಾಗಿದೆ. ಅಲ್ಲಿ ಹೊಸ ಕನ್ನಡ ಹಾಡಿಗೆ ಜನ ಒಗ್ಗಲು ಒಂದು ಸಂಜೆ ಸಾಲದು, ಎರಡನೇ ಸಲ ಹೋದಾಗಲೇ ಅವರು ಹಾಡನ್ನು ಗುರುತು ಹಿಡಿಯುವುದು.

ಈ ಬೈಠಕ್‌ಗಳಿಂದಲೇ ಚಂದಾದ ಏರ್ಪಾಡು ಹುಟ್ಟಿತು. ಹೊರದೇಶದ ಕಲಾವಿದರು ಬ್ಯಾಂಡ್‌ಕ್ಯಾಂಪ್‌ನಲ್ಲಿ ಹಾಡು ಮಾರುತ್ತಾರೆ. ಆ ಸಂಸ್ಥೆ ಡಿಜಿಟಲ್ ಮಾರಾಟದಲ್ಲಿ ಶೇ. 15 ಹಿಡಿಯುತ್ತದೆ. ಅಲ್ಲಿ ಹಣ ಕೈಸೇರುವುದು ಪೇಪಾಲ್ ಮೂಲಕ, ಆ ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿ ಸೇವೆಯನ್ನೇ ನಿಲ್ಲಿಸಿದೆ. ಅಮೆರಿಕದಲ್ಲಿರುವ ನೆಂಟರಿಗೆ ಅದು ಸರಿ, ಸಿದ್ದಾಪುರದ ಕೇಳುಗರಿಗೆ ಅಲ್ಲ. ನಾವು ಸರಳವಾದದ್ದನ್ನು ಮಾಡಿದೆವು. ಬೈಠಕ್‌ಗೆ ಬಂದವರಲ್ಲಿ ಇಷ್ಟವಿದ್ದವರು ವರ್ಷಕ್ಕೊಮ್ಮೆ ತಮಗೆ ತೋಚಿದಷ್ಟು ಯುಪಿಐ ಮಾಡುತ್ತಾರೆ. ಹೊಸ ಹಾಡು ಮೊದಲು ಅವರ ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತದೆ, ವರ್ಷದಲ್ಲಿ ಒಂದು ಸಂಜೆ ಅವರಿಗಾಗಿಯೇ. ಗುಂಪು ಚಿಕ್ಕದು, ಅದರಲ್ಲಿರುವ ಎಲ್ಲರ ಮುಖವೂ ನನಗೆ ಗೊತ್ತು. ಆ ಹಣದಿಂದ ಒಂದು ಹಾಡಿನ ಮಿಕ್ಸಿಂಗ್ ಖರ್ಚು ನಿರಾಳವಾಗಿ ಹುಟ್ಟುತ್ತದೆ. ನನಗೆ ಇದು ನಿಜವಾದ ಯಶಸ್ಸು ಅನ್ನಿಸಿದ್ದು ಗುಂಪಿನವರೊಬ್ಬರು "ಮುಂದಿನದು ಯಾವಾಗ?" ಅಂತ ತಾವಾಗಿಯೇ ಕೇಳಿದಾಗ.

ಹಾಗಾದರೆ ಯಾರು ಯಾವುದನ್ನು ಹಿಡಿಯಬೇಕು? ಊರಿನಿಂದ ಊರಿಗೆ ಓಡಾಡಬಲ್ಲ, ಯಾವ ಹಾಡನ್ನಾದರೂ ಖುಷಿಯಿಂದ ಹಾಡುವ ಗಂಟಲಿದ್ದರೆ ಕೆಫೆ ಬೇಡ ಅನ್ನಲಾರೆ, ಒಂದು ಸೀಸನ್‌ನಲ್ಲಿ ಸಲಕರಣೆಯ ದುಡ್ಡು ಹುಟ್ಟುತ್ತದೆ. ವಾದ್ಯ ಸಂಗೀತದವರಿಗೆ, ಭಾಷೆಯ ಹಂಗಿಲ್ಲದ ಕಾರಣ, ಸ್ಟ್ರೀಮಿಂಗ್ ನನಗಿಂತ ಹೆಚ್ಚು ಕೊಡಬಹುದು. ಕನ್ನಡದಲ್ಲಿ ಸ್ವಂತ ಸಾಹಿತ್ಯ ಬರೆದು ಹಾಡುವವರಾದರೆ ಕಣ್ಣುಮುಚ್ಚಿ ಜಗುಲಿಯಿಂದ ಶುರು ಮಾಡಿ, ಉಳಿದದ್ದನ್ನು ಅದರ ಸುತ್ತ ಕಟ್ಟಿಕೊಳ್ಳಿ. ಜೊತೆಗೆ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಸದಸ್ಯತ್ವದ ಬಗ್ಗೆ ಓದಿಕೊಳ್ಳಿ. 1969ರಲ್ಲಿ ಶುರುವಾದ ಆ ಸಂಸ್ಥೆ ಸಾಹಿತ್ಯ ಬರೆದವರಿಗೆ, ಸಂಗೀತ ಸಂಯೋಜಿಸಿದವರಿಗೆ ರಾಯಧನ ಸಂಗ್ರಹಿಸಿ ಕೊಡುತ್ತದೆ. 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಈ ಪಾಲನ್ನು ಗಟ್ಟಿ ಮಾಡಿದೆ. ನಾಳೆ ಯಾವುದಾದರೂ ಸಿನಿಮಾದವರು ನಿಮ್ಮ ಹಾಡು ಕೇಳಿಕೊಂಡು ಬಂದರೆ ಕಾಗದಕ್ಕೆ ಸಹಿ ಹಾಕುವಾಗ ಇದು ನೆನಪಿರಲಿ.

ಇನ್ನೊಂದು ವಿಷಯ ನಾನು ಯಾರು ಕರೆದರೂ ಫೋನಿನಲ್ಲೇ ಹೇಳಿಬಿಡುತ್ತೇನೆ. ನನಗೆ ಕೊಡುವುದು ನಿಮ್ಮ ಸಂತೋಷ, ಆದರೆ ತಬಲಾದವರ ಸಂಭಾವನೆ ಮತ್ತು ಅವರು ಬಂದು ಹೋಗುವ ಖರ್ಚು ಇಷ್ಟು, ಇದು ಮೊದಲೇ ನಿಗದಿ. ಕುಮಟಾದಿಂದ ಶಿರಸಿಗೆ ಸುಮಾರು 60 ಕಿಲೋಮೀಟರ್, ಘಟ್ಟದ ರಸ್ತೆ, ಮಳೆಗಾಲದಲ್ಲಿ ಮಣ್ಣು ಕುಸಿದರೆ ಸುತ್ತು ಹಾಕಿ ಬರಬೇಕು. ಅವರು ಒಂದು ಸಂಜೆ ನನ್ನ ಹಾಡಿಗೆ ಕೂತರೆ ಆ ಸಂಜೆಯ ಅವರ ದುಡಿಮೆ ನಿಲ್ಲುತ್ತದೆ. ಇದನ್ನು ಕೇಳಿ ಹಿಂದೆ ಸರಿದ ಮನೆಗಳು ತೀರಾ ಕಡಿಮೆ. ಹೆಚ್ಚಿನವರು "ಹೌದು, ಅದು ಸರಿ" ಅಂದು, ಅವರ ಊಟಕ್ಕೆ ಏನು ಮಾಡಿಸೋಣ ಅಂತ ಕೇಳುತ್ತಾರೆ.