ಎಂಜಿಬಿ, ಟಿಆರ್6, ಎಲಾನ್: ವೇಗದ ಖುಷಿಗೆ ಯಾವುದು?

ಬ್ರಿಟನ್ನಿನಲ್ಲಿ ರಿಸ್ಟೋರ್ ಆದ ಹಳೇ ಸ್ಪೋರ್ಟ್ಸ್ ಕಾರು ಕೊಳ್ಳುವವರು ಮೊದಲು ಖರ್ಚು ನೋಡಲಿ. 1962ರಿಂದ 1980ರವರೆಗೆ ಬಂದ ಎಂಜಿಬಿ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಕಾರು. ಬಿಡಿಭಾಗ ಮಾತ್ರವಲ್ಲ, ಹೊಸ ಬಾಡಿಯೇ ಸಿಗುತ್ತದೆ. ಟ್ರಯಂಫ್ ಟಿಆರ್6 ಅದಕ್ಕಿಂತ ದುಬಾರಿ, ಲೋಟಸ್ ಎಲಾನ್ ಇನ್ನೂ ದುಬಾರಿ.

ತುಕ್ಕಿನ ವಿಷಯದಲ್ಲಿ ಮೂರನ್ನೂ ನಂಬಬೇಡಿ. ಎಂಜಿಬಿಯಲ್ಲಿ ಬಾಗಿಲ ಕೆಳಗಿನ ಸಿಲ್, ಟಿಆರ್6ನಲ್ಲಿ ಹಿಂದಿನ ಸಸ್ಪೆನ್ಷನ್ ಕೂರುವ ಷಾಸಿ (ಕಾರಿನ ಅಡಿ ಚೌಕಟ್ಟು) ನೋಡಿ. ಎಲಾನ್ ಬಾಡಿ ಫೈಬರ್‌ಗ್ಲಾಸ್, ಆದರೆ ಒಳಗಿನ ಬೆನ್ನೆಲುಬು ಉಕ್ಕಿನದೇ.

ಇನ್ನು ಓಡಿಸುವ ಮಜಾ. ಟಿಆರ್6ನ 2.5 ಲೀಟರ್, ಆರು ಸಿಲಿಂಡರ್ ಎಂಜಿನ್ನಿನ ಗುಡುಗು ಕೇಳಲೆಂದೇ ಗೇರ್ ಇಳಿಸಬೇಕೆನಿಸುತ್ತದೆ. ಆಕ್ಸಿಲರೇಟರ್ ಒತ್ತಿದರೆ ಕಾರಿನ ಹಿಂಭಾಗ ಕುಗ್ಗಿ ಮುಂದಕ್ಕೆ ನುಗ್ಗುತ್ತದೆ. ನೇರ ರಸ್ತೆಯಲ್ಲಿ ಅದೇ ಸೊಗಸು. ವೇಲ್ಸ್‌ನ ತಿರುವುಗಳಲ್ಲಿ ನನ್ನ ಮನಸ್ಸು ಮಾತ್ರ ಎಲಾನ್ ಕಡೆಗೆ. ತೂಕ ಸುಮಾರು 700 ಕಿಲೋ ಅಷ್ಟೇ, ರಸ್ತೆಯ ಪ್ರತಿ ಉಬ್ಬೂ ಸ್ಟೀರಿಂಗಿನಿಂದ ಅಂಗೈಗೆ ಬರುತ್ತದೆ. ಕ್ಲಚ್ ತಟ್ಟನೆ ಬಿಟ್ಟರೆ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ರಬ್ಬರ್ ಕಪ್ಲಿಂಗ್ ತಿರುಚಿಕೊಂಡು ಕಾರು ಜಗ್ಗುತ್ತದೆ, ನಾಜೂಕು ಬೇಕು.

ವಾರಾಂತ್ಯಕ್ಕೆ ತಾವೇ ಸ್ಪ್ಯಾನರ್ ಹಿಡಿಯುವವರಿಗೆ, ದೂರ ಹೋಗುವವರಿಗೆ ಎಂಜಿನ್ ಸುತ್ತು ತಗ್ಗಿಸುವ ಹೆಚ್ಚುವರಿ ಗೇರ್, ಅಂದರೆ ಓವರ್‌ಡ್ರೈವ್ ಇರುವ ಎಂಜಿಬಿ. ಒಳ್ಳೆಯ ಲೋಟಸ್ ಮೆಕ್ಯಾನಿಕ್ ಹತ್ತಿರದಲ್ಲಿದ್ದರೆ ಮಾತ್ರ ಎಲಾನ್.